ಹೊಟ್ಟೆ ಡಯಾಲಿಸಿಸ್ ಪೈಪು: ಸೂಜಿ ದಾರಿಯೋ, ಕ್ಯಾಮೆರಾ ದಾರಿಯೋ?

ಪ್ರಶ್ನೆ: ನಮ್ಮದು ಸಿಂಧನೂರು ತಾಲ್ಲೂಕಿನ ಹಳ್ಳಿ. ಅಪ್ಪನಿಗೆ 61 ವರ್ಷ, ಭತ್ತದ ರೈತರು. ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಈಗ ಎರಡೂ ಕಿಡ್ನಿ ಕೈಕೊಟ್ಟಿವೆ. ವಾರಕ್ಕೆ ಮೂರು ದಿನ ಸೆಂಟರ್‌ಗೆ ಅಲೆಯುವುದು ಆಗದ ಮಾತು. ಹಾಗಾಗಿ ಮನೆಯಲ್ಲೇ ಮಾಡುವ ಹೊಟ್ಟೆ ಡಯಾಲಿಸಿಸ್ ಒಪ್ಪಿಕೊಂಡಿದ್ದೇವೆ. ರಾಯಚೂರಿನಲ್ಲಿ ತೋರಿಸಿದ ಡಾಕ್ಟರು, ಆ ಜಾಗ ಮಾತ್ರ ಮರಗಟ್ಟಿಸಿ ಸೂಜಿಯಿಂದಲೇ ಪೈಪು ಹಾಕಬಹುದು ಎಂದರು. ಬಳ್ಳಾರಿಯಲ್ಲಿ ತೋರಿಸಿದವರು ಬೇಡ, ಪೂರ್ತಿ ಅರಿವಳಿಕೆ ಕೊಟ್ಟು ಲ್ಯಾಪ್ರೊಸ್ಕೋಪಿಯಲ್ಲೇ ಹಾಕಬೇಕು ಎಂದರು. ಯಾವುದು ಒಳ್ಳೆಯದು? ಪೈಪು ಹಾಕಿದ ಮೇಲೆ ಯಾವಾಗ ಶುರು ಮಾಡಬಹುದು? ಇಪ್ಪತ್ತು ವರ್ಷದ ಹಿಂದೆ ಅಪ್ಪನಿಗೆ ಅಪೆಂಡಿಕ್ಸ್ ಒಡೆದು ದೊಡ್ಡ ಆಪರೇಷನ್ ಆಗಿತ್ತು. ಅದು ಹಳೇ ಮಾತು, ಈಗೇನೂ ತೊಂದರೆ ಇಲ್ಲ.
– ಒಬ್ಬ ಮಗಳು, ಸಿಂಧನೂರು ತಾಲ್ಲೂಕು

ಉತ್ತರ: ನೀವು "ಅದು ಹಳೇ ಮಾತು" ಎಂದು ಕೊನೆಗೆ ಸೇರಿಸಿದ್ದೀರಲ್ಲ, ಪೈಪು ಹಾಕುವವರಿಗೆ ಅದೇ ಮೊದಲ ಮಾತು. ಅಪೆಂಡಿಕ್ಸ್ ಒಡೆದ ವಿಷಯವನ್ನು ಇಬ್ಬರು ಡಾಕ್ಟರಿಗೂ ಹೇಳಿದ್ದೀರಾ? ಒಬ್ಬರು ಅಂಗಿ ಎತ್ತಿಸಿ ಹೊಟ್ಟೆಯ ಮೇಲಿನ ಗಾಯದ ಕಲೆ ನೋಡಿರಬಹುದು, ಇನ್ನೊಬ್ಬರ ಮುಂದೆ ನೀವು ರಕ್ತದ ರಿಪೋರ್ಟು ಮಾತ್ರ ಇಟ್ಟಿರಬಹುದು. ಇಬ್ಬರ ಮಾತು ಬೇರೆ ಬೇರೆ ಆಗುವುದಕ್ಕೆ ಇಷ್ಟು ಸಾಕು. ಹೊಟ್ಟೆಯನ್ನು ಒಮ್ಮೆಯೂ ಕೊಯ್ಯದ ಮನುಷ್ಯನಿಗಾದರೆ ರಾಯಚೂರಿನ ಸಲಹೆ ಚೆನ್ನಾಗಿಯೇ ಇದೆ. ನಿಮ್ಮ ಅಪ್ಪನಿಗೆ ಮಾತ್ರ ನಾನು ಬಳ್ಳಾರಿಯವರ ಕಡೆ ವಾಲುತ್ತೇನೆ. ಯಾಕೆ ಅಂತ ಹೇಳುತ್ತೇನೆ.

ನಮ್ಮ ಕರುಳುಗಳ ಮೇಲೆ, ಹೊಟ್ಟೆಯ ಗೋಡೆಯ ಒಳಮೈಗೆ ಒಂದು ತೆಳ್ಳನೆಯ ಪೊರೆ ಇರುತ್ತದೆ. ಹೊಟ್ಟೆ ಡಯಾಲಿಸಿಸ್‌ನಲ್ಲಿ ಈ ಪೊರೆಯೇ ಫಿಲ್ಟರ್. ಗ್ಲೂಕೋಸ್ ಬೆರೆಸಿದ ದ್ರಾವಣವನ್ನು, ದೊಡ್ಡವರಿಗೆ ಸಾಮಾನ್ಯವಾಗಿ 2 ಲೀಟರ್, ಒಳಗೆ ಬಿಡುತ್ತಾರೆ. ನಾಲ್ಕರಿಂದ ಆರು ಗಂಟೆ ಅದು ಒಳಗಿರುತ್ತದೆ. ರಕ್ತದಲ್ಲಿರುವ ಕಸ, ಹೆಚ್ಚಾದ ನೀರು ಪೊರೆ ದಾಟಿ ದ್ರಾವಣಕ್ಕೆ ಬರುತ್ತವೆ. ಆಮೇಲೆ ಅದನ್ನು ಬಸಿದು ಹೊಸದು ತುಂಬುವುದು. ದಿನಕ್ಕೆ ಮೂರು ನಾಲ್ಕು ಸಲ.

ಒಳಗೆ ಬಿಡುವುದು ಸುಲಭ. ಬ್ಯಾಗನ್ನು ಮೇಲೆ ನೇತುಹಾಕಿದರೆ ತಾನೇ ಇಳಿಯುತ್ತದೆ. ಪೈಪಿನ ನಿಜವಾದ ಪರೀಕ್ಷೆ ಇರುವುದು ಹೊರಗೆ ಬಸಿಯುವುದರಲ್ಲಿ. ಇದನ್ನು ನಿಮ್ಮ ಅಪ್ಪನಿಗೆ ವಿವರಿಸುವುದೇ ಬೇಡ. ಭತ್ತದ ಗದ್ದೆಯ ಬಸಿಗಾಲುವೆಯನ್ನು ಯಾವ ಮೂಲೆಯಲ್ಲಿ ತೆಗೆಯಬೇಕು ಅಂತ ಅವರನ್ನೇ ಕೇಳಿ. ಎಲ್ಲಕ್ಕಿಂತ ತಗ್ಗಾದ ಮೂಲೆ, ಅಲ್ವಾ? ಹೊಟ್ಟೆಯಲ್ಲಿ ಆ ತಗ್ಗು ಇರುವುದು ಕಿಬ್ಬೊಟ್ಟೆಯ ತಳದಲ್ಲಿ, ಸೊಂಟದ ಮೂಳೆಗಳ ನಡುವಿನ ಬೋಗುಣಿಯಲ್ಲಿ. ಪೈಪಿನ ತುದಿ ಅಲ್ಲಿಗೆ ಹೋಗಿ ಕೂರಬೇಕು, ಅಲ್ಲೇ ಉಳಿಯಬೇಕು. ಹಾಕುವ ವಿಧಾನ ಯಾವುದೇ ಇರಲಿ, ಗುರಿ ಇದೊಂದೇ.

ಪೈಪು ಎಂದರೆ ಮೆತ್ತಗಿನ ಸಿಲಿಕೋನ್ ನಳಿಗೆ. ಹೆನ್ರಿ ಟೆಂಕಾಫ್ ಎಂಬ ಡಾಕ್ಟರು 1968ರಲ್ಲಿ ಅಮೆರಿಕದಲ್ಲಿ ಇದಕ್ಕೆ ಕೊಟ್ಟ ರೂಪವೇ ಸಣ್ಣಪುಟ್ಟ ಬದಲಾವಣೆಗಳೊಂದಿಗೆ ಇಂದಿಗೂ ನಡೆಯುತ್ತಿದೆ. ಒಳಗಿನ ತುದಿಯಲ್ಲಿ ಸಾಲಾಗಿ ತೂತುಗಳು. ತುದಿ ನೇರ ಇರಬಹುದು, ಸುರುಳಿ ಇರಬಹುದು. ಯಾವ ತುದಿ ಅಂತ ತಲೆಕೆಡಿಸಿಕೊಳ್ಳುವುದು ಬೇಡ. ಮುಖ್ಯವಾದದ್ದು ಪೈಪಿನ ಮೇಲಿರುವ ಎರಡು ಬಟ್ಟೆಯಂಥ ಪಟ್ಟಿಗಳು. ಇವಕ್ಕೆ ಕಫ್ ಅನ್ನುತ್ತಾರೆ. ಒಂದು ಹೊಟ್ಟೆಯ ಸ್ನಾಯುವಿನ ಮಟ್ಟದಲ್ಲಿ ಕೂರುತ್ತದೆ, ಇನ್ನೊಂದು ಚರ್ಮದ ಕೆಳಗೆ, ಪೈಪು ಹೊರಬರುವ ತೂತಿನಿಂದ 2ರಿಂದ 4 ಸೆಂಟಿಮೀಟರ್ ಒಳಗೆ. ದಿನ ಕಳೆದಂತೆ ಮಾಂಸ ಈ ಪಟ್ಟಿಯೊಳಗೆ ಬೆಳೆದು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ದ್ರಾವಣ ಸೋರದಂತೆ, ಹೊರಗಿನ ಕ್ರಿಮಿ ಪೈಪಿನ ಗುಂಟ ಒಳಗೆ ಹೋಗದಂತೆ ತಡೆಯುವುದು ಇವೇ.

ಈಗ ಹಾಕುವ ದಾರಿಗಳು.

ಸೂಜಿ ದಾರಿಯಲ್ಲಿ ದೊಡ್ಡ ಕೊಯ್ತ ಇಲ್ಲ. ಹೊಕ್ಕುಳಿನ ಹತ್ತಿರ ಚರ್ಮ ಮರಗಟ್ಟಿಸುತ್ತಾರೆ. ಸೂಜಿ ಹಾಕಿ, ಅದರೊಳಗೆ ತೆಳುವಾದ ತಂತಿ ಇಳಿಸುತ್ತಾರೆ. ತಂತಿಯ ಮೇಲೆ ಒಂದು ಕೊಳವೆ ತೂರಿಸಿ ದಾರಿ ಅಗಲ ಮಾಡುತ್ತಾರೆ. ಆ ಕೊಳವೆಯ ಮೂಲಕ ಪೈಪನ್ನು ಇಳಿಸಿ, ಕೊಳವೆಯನ್ನು ಬಾಳೆಹಣ್ಣಿನ ಸಿಪ್ಪೆಯಂತೆ ಎರಡು ಸೀಳು ಮಾಡಿ ತೆಗೆಯುತ್ತಾರೆ. ಕಿಡ್ನಿ ಡಾಕ್ಟರೇ ಇದನ್ನು ಮಾಡಬಹುದು. ಸರ್ಜನ್‌ಗೆ, ಅರಿವಳಿಕೆಯವರಿಗೆ, ಥಿಯೇಟರ್ ಖಾಲಿ ಆಗುವುದಕ್ಕೆ ಕಾಯಬೇಕಿಲ್ಲ. ಹೃದಯ ದುರ್ಬಲ ಇದ್ದು ಪೂರ್ತಿ ಅರಿವಳಿಕೆ ತಡೆಯದವರಿಗೆ ಇದು ವರದಾನ. ಪಕ್ಕದಲ್ಲಿ ಅಲ್ಟ್ರಾಸೌಂಡ್ ಅಥವಾ ಎಕ್ಸ್‌ರೇ ಪರದೆ ಇದ್ದರೆ ಇನ್ನೂ ಒಳ್ಳೆಯದು. ಹೊಟ್ಟೆಯ ಗೋಡೆಯಲ್ಲಿ ಒಂದು ರಕ್ತನಾಳ ಹಾದುಹೋಗುತ್ತದೆ, ಅಲ್ಟ್ರಾಸೌಂಡ್‌ನಲ್ಲಿ ಅದನ್ನು ನೋಡಿ ತಪ್ಪಿಸಬಹುದು. ಆದರೆ ಹೊಟ್ಟೆಯ ಒಳಗೆ ಏನಿದೆ ಎಂಬುದು ಸೂಜಿ ಹಾಕುವವರ ಕಣ್ಣಿಗೆ ನೇರವಾಗಿ ಕಾಣುವುದಿಲ್ಲ.

ನಿಮ್ಮ ಅಪ್ಪನ ವಿಷಯದಲ್ಲಿ ಅಡ್ಡಿ ಇರುವುದು ಅಲ್ಲೇ. ಅಪೆಂಡಿಕ್ಸ್ ಒಡೆದರೆ ಕೀವು ಹೊಟ್ಟೆಯೊಳಗೆ ಹರಡುತ್ತದೆ. ಅದು ವಾಸಿಯಾಗುವಾಗ ಕರುಳು ಕರುಳಿಗೆ, ಕರುಳು ಹೊಟ್ಟೆಯ ಗೋಡೆಗೆ ಅಲ್ಲಲ್ಲಿ ಅಂಟಿಕೊಳ್ಳಬಹುದು. ಮನುಷ್ಯನಿಗೆ ಇದು ಗೊತ್ತೇ ಆಗುವುದಿಲ್ಲ. ಇಪ್ಪತ್ತು ವರ್ಷ ರೊಟ್ಟಿ ತಿಂದು, ನಾಟಿ ಮಾಡಿ ಆರಾಮಾಗಿ ಇರುತ್ತಾನೆ. ಆದರೆ ಗೋಡೆಗೆ ಅಂಟಿದ ಕರುಳಿನ ಮೇಲೆಯೇ ಸೂಜಿ ಹೋದರೆ ಕರುಳಿಗೆ ತೂತು. ಅದು ತಪ್ಪಿದರೂ ಇನ್ನೊಂದು ತೊಂದರೆ ಉಂಟು. ಅಂಟುಗಳು ಹೊಟ್ಟೆಯೊಳಗೆ ಅಡ್ಡ ಬದುಗಳಂತೆ. ನೀರು ಮಡಿಮಡಿಯಲ್ಲಿ ನಿಲ್ಲುತ್ತದೆ, ಬಸಿಗಾಲುವೆಗೆ ಬರುವುದೇ ಇಲ್ಲ.

ಹಾಗಂತ ಹೆದರಬೇಡಿ. ಆಪರೇಷನ್ ಆದ ಎಲ್ಲರಿಗೂ ಅಂಟು ಇರುವುದಿಲ್ಲ. ದೊಡ್ಡ ಕಲೆ ಇದ್ದೂ ಒಳಗೆ ಕನ್ನಡಿಯಂತೆ ಸಾಫ್ ಇರುವ ಹೊಟ್ಟೆಗಳನ್ನು ನೋಡಿದ್ದೇನೆ. ಸ್ಕ್ಯಾನ್‌ನಲ್ಲಿ ಅಂಟು ಖಚಿತವಾಗಿ ಗೊತ್ತಾಗುವುದಿಲ್ಲ, ಆದ್ದರಿಂದ ಸುಮ್ನೆ ಸಿಟಿ ಸ್ಕ್ಯಾನ್‌ಗೆ ದುಡ್ಡು ಸುರಿಯಬೇಡಿ. ಕಣ್ಣಿಂದ ನೋಡಿದರೇ ತಿಳಿಯುವುದು.

ನೋಡುವ ದಾರಿಯೇ ಲ್ಯಾಪ್ರೊಸ್ಕೋಪಿ. ಪೂರ್ತಿ ಅರಿವಳಿಕೆ ಕೊಟ್ಟು, ಹೊಟ್ಟೆಗೆ ಗ್ಯಾಸ್ ತುಂಬಿ, ಸಣ್ಣ ತೂತಿನಿಂದ ಕ್ಯಾಮೆರಾ ಹಾಕುತ್ತಾರೆ. ಹಳೇ ಕಲೆಯಿಂದ ದೂರದ ಜಾಗದಲ್ಲಿ ಮೊದಲ ತೂತು ಮಾಡುತ್ತಾರೆ. ಆದರೆ ಲ್ಯಾಪ್ರೊಸ್ಕೋಪಿ ಎಂಬ ಹೆಸರಿಗೆ ಮರುಳಾಗಬೇಡಿ. ಕ್ಯಾಮೆರಾ ಹಾಕಿ, ಪೈಪಿನ ತುದಿ ಕೆಳಗಿದೆ ಅಂತ ನೋಡಿ, ಮುಗಿಸಿಬಿಟ್ಟರೆ ಅದು ಕೊಯ್ದು ಹಾಕುವ ಹಳೇ ಪದ್ಧತಿಗಿಂತ ಹೆಚ್ಚೇನೂ ಅಲ್ಲ. ಕ್ಯಾಮೆರಾದ ಲಾಭ ಸಿಗುವುದು ಅದರ ಜೊತೆ ಇನ್ನೂ ಮೂರು ಕೆಲಸ ಮಾಡಿದಾಗ. ಪೈಪನ್ನು ನೇರ ಒಳಗೆ ಚುಚ್ಚದೆ, ಸ್ನಾಯುವಿನ ಹಾಸಿನೊಳಗೆ ಓರೆಯಾಗಿ ಸುರಂಗ ಮಾಡಿ ಕೆಳಮುಖವಾಗಿ ಇಳಿಸಬೇಕು. ಆಗ ತುದಿ ಮೇಲಕ್ಕೆ ತಿರುಗುವುದು ಕಡಿಮೆ, ಸೋರುವುದೂ ಕಡಿಮೆ. ಎರಡನೆಯದು ಒಮೆಂಟಮ್ ಎಂಬ ಕೊಬ್ಬಿನ ಪರದೆ. ಕರುಳಿನ ಮುಂದೆ ಏಪ್ರನ್‌ನಂತೆ ಇಳಿಬಿದ್ದಿರುತ್ತದೆ. ಕೆಲವರಲ್ಲಿ ಇದು ತೀರಾ ಕೆಳಗಿನವರೆಗೆ ಬಂದು ಪೈಪಿಗೆ ಸುತ್ತಿಕೊಳ್ಳುತ್ತದೆ. ಅಂಥವರಲ್ಲಿ ಅದನ್ನು ಮೇಲಕ್ಕೆ ಎತ್ತಿ ಒಂದು ಹೊಲಿಗೆ ಹಾಕುತ್ತಾರೆ. ಮೂರನೆಯದು, ಅಂಟು ಕಂಡರೆ ಬಿಡಿಸುವುದು. ಹರ್ನಿಯಾ ಕಂಡರೆ ಅದನ್ನೂ ಅದೇ ಹೊತ್ತಿಗೆ ಸರಿಮಾಡಬಹುದು. 2 ಲೀಟರ್ ನೀರಿನ ಒತ್ತಡಕ್ಕೆ ಸಣ್ಣ ಹರ್ನಿಯಾ ದೊಡ್ಡದಾಗುತ್ತದೆ, ಬಿಟ್ಟರೆ ಆಮೇಲೆ ಕಷ್ಟ.

ಈ ಕೆಲಸಗಳನ್ನು ಮಾಡುವ ಕೈಗಳಿದ್ದರೆ ಹಾಕಿದ ಪೈಪಿನಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಒಂದು ವರ್ಷದ ನಂತರವೂ ಸರಿಯಾಗಿ ಹರಿಯುತ್ತಿರಬೇಕು ಎನ್ನುವುದು ಅಂತರರಾಷ್ಟ್ರೀಯ ಪೆರಿಟೋನಿಯಲ್ (ಅಂದರೆ ಹೊಟ್ಟೆ) ಡಯಾಲಿಸಿಸ್ ಸಂಘ 2019ರಲ್ಲಿ ಇಟ್ಟ ಅಳತೆಗೋಲು. ಉಳಿದ ವಿಧಾನಗಳಿಗೆ 80ಕ್ಕಿಂತ ಹೆಚ್ಚು. ಕರುಳಿಗೋ ಬೇರೆ ಅಂಗಕ್ಕೋ ಪೆಟ್ಟಾಗುವುದು ಯಾವ ವಿಧಾನದಲ್ಲೂ ನೂರಕ್ಕೆ ಒಂದಕ್ಕಿಂತ ಕಡಿಮೆ ಇರಬೇಕು. ಆದ್ದರಿಂದ ಬಳ್ಳಾರಿಯ ಸರ್ಜನ್‌ಗೆ ನೀವು ಕೇಳಬೇಕಾದ ಪ್ರಶ್ನೆ "ಲ್ಯಾಪ್ರೊಸ್ಕೋಪಿ ಮಾಡ್ತೀರಾ?" ಅಲ್ಲ. "ಅಂಟು ಸಿಕ್ಕರೆ ಬಿಡಿಸುತ್ತೀರಾ, ಸುರಂಗ ಮಾಡಿ ಹಾಕುತ್ತೀರಾ, ಇಂಥ ಪೈಪು ಎಷ್ಟು ಹಾಕಿದ್ದೀರಿ?" ಅಂತ ಕೇಳಿ. ಕೇಳಿದರೆ ಸಿಟ್ಟಾಗುತ್ತಾರೆ ಎಂದು ನಮ್ಮ ಕಡೆಯವರು ಹಿಂಜರಿಯುತ್ತಾರೆ. ಕೆಲಸ ಬಲ್ಲವರು ಸಿಟ್ಟಾಗುವುದಿಲ್ಲ.

ಮೂರನೇ ದಾರಿ, ಕೊಯ್ದು ಹಾಕುವುದು. ಹೊಕ್ಕುಳಿನ ಪಕ್ಕದಲ್ಲಿ ಮೂರು ನಾಲ್ಕು ಸೆಂಟಿಮೀಟರ್ ಕೊಯ್ದು, ಪದರ ಪದರವಾಗಿ ಬಿಡಿಸಿ, ಪೊರೆ ಕಂಡ ಮೇಲೆ ಸಣ್ಣ ತೂತು ಮಾಡಿ ಪೈಪು ಇಳಿಸಿ, ಚೀಲದ ಬಾಯಿ ಕಟ್ಟಿದಂತೆ ಸುತ್ತ ಹೊಲಿಗೆ ಬಿಗಿಯುತ್ತಾರೆ. ಹಳೇ ವಿಧಾನ, ಗಟ್ಟಿ ವಿಧಾನ. ದುಬಾರಿ ಯಂತ್ರ ಬೇಡ. ಜಾಗ ಮರಗಟ್ಟಿಸಿ, ಸ್ವಲ್ಪ ಮಂಪರು ಕೊಟ್ಟೂ ಮಾಡಬಹುದು. ಸೂಜಿಗಿಂತ ಒಂದು ಹೆಜ್ಜೆ ಮುಂದೆ, ಏಕೆಂದರೆ ಪೊರೆಯನ್ನು ಕಣ್ಣಿಂದ ನೋಡಿಯೇ ತೆರೆಯುತ್ತಾರೆ. ಆದರೆ ಪೈಪಿನ ತುದಿ ಆಚೆ ಎಲ್ಲಿಗೆ ಹೋಯಿತು ಎಂಬುದು ಕೈಯ ಅಂದಾಜು. ನಿಮ್ಮ ಅಪ್ಪನ ಹೃದಯ ಪರೀಕ್ಷೆ ಮಾಡಿದ ಮೇಲೆ ಪೂರ್ತಿ ಅರಿವಳಿಕೆ ಬೇಡ ಎಂದರೆ ನನ್ನ ಎರಡನೇ ಆಯ್ಕೆ ಇದು. ಹದಿನೈದು ವರ್ಷದ ಸಕ್ಕರೆ ಕಾಯಿಲೆಯವರಿಗೆ ಇಸಿಜಿ, ಎಕೋ ಮಾಡಿಸದೆ ಯಾರೂ ಮುಂದುವರಿಯಬಾರದು. ರಕ್ತ ತೆಳು ಮಾಡುವ ಮಾತ್ರೆ ನುಂಗುತ್ತಿದ್ದರೆ ಅದನ್ನೂ ಮೊದಲೇ ಹೇಳಿ. ನೀವೇ ನಿಲ್ಲಿಸಬೇಡಿ.

ಇಷ್ಟು ಹೇಳಿದ ಮೇಲೂ ನನ್ನ ಅನುಭವದಲ್ಲಿ ಪೈಪು ಹಾಳಾಗುವುದು ಒಳಗಿನ ತುದಿಯಿಂದ ಎಷ್ಟೋ, ಹೊರಗಿನ ತೂತಿನಿಂದಲೂ ಅಷ್ಟೇ. ಅದರ ಬಗ್ಗೆ ಯಾರೂ ಕೇಳುವುದಿಲ್ಲ. ನೀವೂ ಕೇಳಿಲ್ಲ.

ನಾನು ಹೊಸಬನಾಗಿದ್ದಾಗ ಸಿರುಗುಪ್ಪ ಕಡೆಯ ರೈತರೊಬ್ಬರಿಗೆ ಪೈಪು ಹಾಕಿದೆ. ಟೇಬಲ್ ಮೇಲೆ ಮಲಗಿಸಿ, ಅಲ್ಲೇ ಪೆನ್ನಿನಿಂದ ಗುರುತು ಮಾಡಿದೆ. ಪೈಪು ಸೊಗಸಾಗಿ ಹರಿಯಿತು. ನನಗೂ ಹೆಮ್ಮೆ. ತಿಂಗಳ ನಂತರ ಬಂದು, "ಸರ, ನೀವು ತೂತು ಹಾಕಿದ್ದು ಸರಿ ಉಡದಾರದ ಮ್ಯಾಲೇ ಬಂದೈತ್ರಿ" ಎಂದರು. ಮಲಗಿದಾಗ ಹೊಟ್ಟೆ ಚಪ್ಪಟೆ. ಎದ್ದು ನಿಂತರೆ ಜೋತುಬಿದ್ದು ತೂತು ಕೆಳಗೆ ಸರಿಯಿತು. ಮೇಲೆ ಉಡದಾರ, ಅದರ ಮೇಲೆ ಪಂಚೆಯ ಗಂಟು. ನಡೆದಾಗಲೆಲ್ಲ ಉಜ್ಜುವುದು. ಉಡದಾರ ತೆಗೆಯಿರಿ ಎಂದೆ. ಅವರ ಮುಖ ನೋಡಿದ ಮೇಲೆ ಮತ್ತೆ ಹೇಳಲಿಲ್ಲ. ನಮ್ಮ ಕಡೆ ಉಡದಾರ ಯಾವಾಗ ತೆಗೆಯುತ್ತಾರೆ ಅಂತ ನಿಮಗೆ ಗೊತ್ತೇ ಇದೆ. ಆ ವರ್ಷ ಎರಡು ಸಲ ತೂತು ಕೆಂಪಾಗಿ ಕೀವಾಯಿತು. ಕೊನೆಗೆ ಆ ಪೈಪು ತೆಗೆದು ಬೇರೆ ಕಡೆ ಹಾಕಬೇಕಾಯಿತು. ತಪ್ಪು ನನ್ನದೇ.

ಅದಕ್ಕೇ ಆಪರೇಷನ್‌ಗೆ ಮೊದಲು, ಬಟ್ಟೆ ತೊಟ್ಟುಕೊಂಡೇ ಇರುವಾಗ, ನಿಲ್ಲಿಸಿ, ಕೂರಿಸಿ, ಮಲಗಿಸಿ ಗುರುತು ಮಾಡಿಸಿ. ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಊಟಕ್ಕೆ ಕೂರುವವರಾದರೆ ಹಾಗೆಯೇ ಕೂತು ತೋರಿಸಲಿ. ತೂತು ಉಡದಾರದ ಗೆರೆಯಲ್ಲಿ ಬರಬಾರದು, ಹೊಟ್ಟೆಯ ಮಡಿಕೆಯೊಳಗೆ ಬರಬಾರದು, ಹಳೇ ಕಲೆಯ ಮೇಲೆ ಬರಬಾರದು. ಅದರ ಬಾಯಿ ಕೆಳಕ್ಕೆ ಅಥವಾ ಪಕ್ಕಕ್ಕೆ ಇರಬೇಕು. ಮೇಲ್ಮುಖ ಇದ್ದರೆ ರಾಯಚೂರಿನ ಬೇಸಿಗೆಯ ಬೆವರು, ಧೂಳು, ಸ್ನಾನದ ನೀರು ಎಲ್ಲ ಅಲ್ಲೇ ನಿಲ್ಲುತ್ತವೆ. ಮತ್ತೆ, ಅಪ್ಪ ತಲೆ ಬಗ್ಗಿಸಿದರೆ ಆ ಜಾಗ ಅವರ ಕಣ್ಣಿಗೆ ಕಾಣಬೇಕು. ಹೆಂಗಸರಲ್ಲಾದರೆ ಉಡದಾರದ ಬದಲು ಲಂಗದ ಲಾಡಿ, ಅಷ್ಟೇ ವ್ಯತ್ಯಾಸ. ಹೊಟ್ಟೆ ತೀರಾ ದಪ್ಪ ಇದ್ದವರಿಗೆ ಪೈಪನ್ನು ಚರ್ಮದ ಕೆಳಗೇ ಉದ್ದ ಮಾಡಿ ಮೇಲ್ಹೊಟ್ಟೆಯಲ್ಲಿ ಹೊರತರುವುದೂ ಉಂಟು.

ಯಾವಾಗ ಶುರು ಅಂತ ಕೇಳಿದ್ದೀರಿ. ಎರಡು ವಾರ ಬಿಡುವುದು ಒಳ್ಳೆಯದು. ಗಾಯ ಮಾಯಬೇಕು, ಕಫ್‌ಗೆ ಮಾಂಸ ಹಿಡಿಯಬೇಕು. ಮಧ್ಯೆ ಪೈಪು ಕಟ್ಟದಂತೆ ಆಸ್ಪತ್ರೆಯಲ್ಲಿ ಸ್ವಲ್ಪ ದ್ರಾವಣ ಬಿಟ್ಟು ತೊಳೆಯುತ್ತಾರೆ. ಆಗ ಬರುವ ನೀರು ಮೊದಲ ಕೆಲವು ದಿನ ತಿಳಿಗೆಂಪು ಇರಬಹುದು, ಗಾಬರಿ ಬೇಡ. ಅಷ್ಟು ದಿನ ಕಾಯಲು ಆಗದಂತೆ ಉಸಿರಾಟ ಕಷ್ಟವಾದರೆ, ಪೊಟ್ಯಾಸಿಯಂ ಏರಿದರೆ ಬೇಗ ಶುರು ಮಾಡುವ ದಾರಿಯೂ ಇದೆ. ಪೂರ್ತಿ 2 ಲೀಟರ್ ಅಲ್ಲ, ಅರ್ಧ ಲೀಟರಿಂದ ಒಂದು ಲೀಟರ್ ಸುತ್ತಮುತ್ತ, ಅದೂ ಮಲಗಿಸಿಯೇ. ಎದ್ದು ಓಡಾಡುವಾಗ ಹೊಟ್ಟೆ ಖಾಲಿ ಇರಬೇಕು. ನಿಂತಾಗ ಒಳಗಿನ ಒತ್ತಡ ಜಾಸ್ತಿ, ಹಸಿ ಗಾಯದಿಂದ ಸೋರುತ್ತದೆ. ಡ್ರೆಸ್ಸಿಂಗ್ ಒದ್ದೆಯಾದರೆ ಅದು ಬೆವರೋ ದ್ರಾವಣವೋ ಎಂಬ ಅನುಮಾನ ಬರುತ್ತದೆ. ನಾವು ಆ ನೀರಿಗೆ ಸಕ್ಕರೆ ಪಟ್ಟಿ ಹಿಡಿಯುತ್ತೇವೆ. ದ್ರಾವಣವಾದರೆ ಸಕ್ಕರೆ ಬಹಳ ಮೇಲೆ ತೋರಿಸುತ್ತದೆ.

ಡ್ರೆಸ್ಸಿಂಗನ್ನು ಮೊದಲ ಐದಾರು ದಿನ, ರಕ್ತವೋ ನೀರೋ ಆಗದ ಹೊರತು, ಮನೆಯಲ್ಲಿ ಬಿಚ್ಚಬೇಡಿ. ನೆಂಟರು ನೋಡಲು ಬಂದು "ಒಂದು ಸಲ ತೋರಿಸಿ" ಅನ್ನುತ್ತಾರೆ. ತೋರಿಸಬೇಡಿ. ಪೈಪು ಜೋಲಾಡದಂತೆ ಪಟ್ಟಿ ಹಾಕಿ ಹೊಟ್ಟೆಗೆ ಅಂಟಿಸಿಡಿ. ಗಾಯ ಪೂರ್ತಿ ಮಾಯುವವರೆಗೆ ತಲೆಯಿಂದ ನೀರು ಸುರಿದುಕೊಳ್ಳುವ ಸ್ನಾನ ಇಲ್ಲ, ಒದ್ದೆ ಬಟ್ಟೆಯಲ್ಲಿ ಮೈ ಒರೆಸುವುದು. ಕಾಲುವೆಯಲ್ಲಿ ಮುಳುಗುವುದನ್ನು ಇನ್ನು ಮುಂದೆ ಮರೆತುಬಿಡಬೇಕು. ಭಾರ ಎತ್ತುವುದು ನಾಲ್ಕರಿಂದ ಆರು ವಾರ ಬೇಡ. ಯೂರಿಯಾ ಚೀಲ 45 ಕೆ.ಜಿ. ಇರುತ್ತದೆ. ಅದನ್ನು ಬೇರೆಯವರು ಹೊರಲಿ, ಆಮೇಲೂ.

ಇನ್ನು ಮಲಬದ್ಧತೆ. ನಗಬೇಡಿ, ಪೈಪಿನ ಅರ್ಧ ಜಗಳ ಇದರದ್ದೇ. ಕರುಳು ತುಂಬಿ ಉಬ್ಬಿದರೆ ಪೈಪನ್ನು ಒತ್ತುತ್ತದೆ, ತುದಿಯನ್ನು ಮೇಲಕ್ಕೆ ತಳ್ಳುತ್ತದೆ. ದ್ರಾವಣ ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ಕಿಡ್ನಿ ರೋಗಿಗಳಿಗೆ ಇದು ಹೆಚ್ಚು. ಸೊಪ್ಪು ಹಣ್ಣು ಕಡಿಮೆ ಮಾಡಿಸಿರುತ್ತೇವೆ, ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಕೊಟ್ಟಿರುತ್ತೇವೆ. ಪೈಪು ಹಾಕುವ ಹಿಂದಿನ ದಿನವೇ ಹೊಟ್ಟೆ ಸಾಫ್ ಆಗಲು ಔಷಧಿ ಕೊಡುತ್ತಾರೆ. ಥಿಯೇಟರ್‌ಗೆ ಹೋಗುವ ಮುಂಚೆ ಮೂತ್ರ ಪೂರ್ತಿ ಮಾಡಿರಬೇಕು, ಚೀಲ ತುಂಬಿದ್ದರೆ ಅದಕ್ಕೇ ಚುಚ್ಚುವ ಅಪಾಯ. ಆ ಹೊತ್ತಿಗೇ ಒಂದು ಡೋಸ್ ಆಂಟಿಬಯೋಟಿಕ್ ಕೊಡುತ್ತಾರೆ. ಮುಂದೆ ಯಾವತ್ತಾದರೂ ಬಸಿಯುವುದು ನಿಧಾನವಾದರೆ ಮೊದಲು ಪೈಪು ಎಲ್ಲಾದರೂ ಮಡಚಿದೆಯಾ ನೋಡಿ, ಆಮೇಲೆ ಸಂಡಾಸ ಸರಿಯಾಗಿ ಆಗಿದೆಯಾ ಕೇಳಿ. ಪೈಪು ಕೆಟ್ಟಿತು, ಮತ್ತೆ ಆಪರೇಷನ್ ಅಂತ ಅಳುತ್ತಾ ಬಂದ ಎಷ್ಟೋ ಜನ ಲ್ಯಾಕ್ಟುಲೋಸ್ ಎಂಬ ಮಲ ಸಡಿಲಿಸುವ ಔಷಧಿ ಕುಡಿದು ನಗುತ್ತಾ ಹೋಗಿದ್ದಾರೆ. ಆದರೆ ಅಂಗಡಿಯಲ್ಲಿ ಸಿಗುವ ಎನಿಮಾ ಮನೆಯಲ್ಲಿ ಹಾಕಬೇಡಿ. ಕೆಲವದರಲ್ಲಿ ಫಾಸ್ಫೇಟ್ ಇರುತ್ತದೆ, ಕಿಡ್ನಿ ಕೆಟ್ಟವರಿಗೆ ಅದು ಒಳ್ಳೆಯದಲ್ಲ.

ಬಸಿದ ನೀರು ಮಾತ್ರ ಗಂಜಿಯಂತೆ ಮಬ್ಬಾದರೆ, ಹೊಟ್ಟೆ ನೋವು ಬಂದರೆ ಕಾಯಬೇಡಿ. ಅದೇ ಬ್ಯಾಗ್ ಹಿಡಿದು ಅಂದೇ ಆಸ್ಪತ್ರೆಗೆ ಬನ್ನಿ.

ಅಂಟು ಎಷ್ಟು ಜಾಸ್ತಿ ಇದೆ ಎಂದರೆ ಪೈಪು ಹಾಕುವುದೇ ಆಗಲಿಲ್ಲ ಎಂದು ಸರ್ಜನ್ ಹೊರಬಂದು ಹೇಳಬಹುದು. ಆ ಸಾಧ್ಯತೆಯನ್ನು ಅಪ್ಪನಿಗೂ ಮೊದಲೇ ಹೇಳಿಡಿ. ಹಾಗಾದರೆ ರಕ್ತದ ಡಯಾಲಿಸಿಸ್ ಬೇಕಾಗುತ್ತದೆ, ಅದಕ್ಕೆ ಕೈಯ ಎರಡು ರಕ್ತನಾಳ ಜೋಡಿಸಿ ಫಿಸ್ಟುಲಾ ಎಂಬ ದಾರಿ ಮಾಡಬೇಕು. ಆ ನಾಳಗಳನ್ನು ಈಗಿನಿಂದಲೇ ಕಾಪಾಡಿಕೊಳ್ಳಬೇಕು. ಅವರು ಬಲಗೈ ಬಳಸುವವರಾದರೆ ಇವತ್ತಿನಿಂದಲೇ ಎಡಗೈಯಲ್ಲಿ ರಕ್ತ ತೆಗೆಯಲು, ಸಲೈನ್ ಹಾಕಲು ಬಿಡಬೇಡಿ. ಬೇಕಿದ್ದರೆ ಅಂಗೈಯ ಹಿಂಭಾಗದಲ್ಲಿ ಚುಚ್ಚಲಿ.

ಖರ್ಚಿನ ಮಾತು ಒಂದೇ ಸಾಲಿನಲ್ಲಿ: ಆಪರೇಷನ್ ಒಂದು ದಿನದ್ದು, ಬ್ಯಾಗು ಪ್ರತಿ ತಿಂಗಳದ್ದು. ಬಿಪಿಎಲ್ ಕಾರ್ಡ್ ಇದ್ದರೆ ಆಸ್ಪತ್ರೆಯ ಆರೋಗ್ಯ ಮಿತ್ರರ ಹತ್ತಿರ ಎರಡನ್ನೂ ಬೇರೆ ಬೇರೆಯಾಗಿ ಕೇಳಿ. ಪೈಪು ಹಾಕಿಸಿಕೊಂಡ ಮೇಲೆ ಬ್ಯಾಗಿನ ಲೆಕ್ಕ ಹಾಕುವುದು ತಡವಾಯಿತು.

ಮುಂದಿನ ವಾರ ಬಳ್ಳಾರಿಗೆ ಹೋಗುವಾಗ ಅಪೆಂಡಿಕ್ಸ್ ಆಪರೇಷನ್ನಿನ ಹಳೇ ಡಿಸ್ಚಾರ್ಜ್ ಚೀಟಿ ಹುಡುಕಿ. ಇಪ್ಪತ್ತು ವರ್ಷದ ಕಾಗದ, ಸಿಗದಿದ್ದರೆ ಬೇಡ, ಕಲೆಯೇ ಸಾಕ್ಷಿ. ಅಪ್ಪನಿಗೆ ಪ್ಯಾಂಟು ಹಾಕಿಸಿಕೊಂಡು ಹೋಗಬೇಡಿ. ಗದ್ದೆಗೆ ಹೋಗುವಾಗ ಉಡುವ ಪಂಚೆಯನ್ನೇ, ಉಡುವ ಹಾಗೆಯೇ ಉಟ್ಟು ಬರಲಿ.